ಮೂಗಿದ್ದ ಬೊಂಬೆ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಹರಳೆಣ್ಣೆ ಇಳಿಸಿದರು. ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿನ ನೆತ್ತಿಗೆ ಅಂಗಡಿ ಎಣ್ಣೆ ಆಗೋದಿಲ್ಲ ಅಂತ ಆಕೆಯ ತಾಯಿಯ ಹಟ. ಹರಳು ಹುರಿದು, ಒರಳಿಗೆ ಹಾಕಿ ಕುಟ್ಟಿ, ಹಿತ್ತಲ ಒಲೆಯ ಮೇಲೆ ನೀರಲ್ಲಿ ಕುದಿಸುತ್ತಿದ್ದರು. ಎಣ್ಣೆ ಮೇಲಕ್ಕೆ ತೇಲೋ ಹೊತ್ತಿಗೆ ಆ ಕಮಟು ವಾಸನೆ ಗೋಡೆ ದಾಟಿ ನಮ್ಮ ಅಡಿಗೆಮನೆಗೂ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಯಿಂದ ಬಾಣಂತಿ ಕೋಣೆ ನೆನಪಾಗಬಹುದು. ನನಗೆ ನೆನಪಾಗೋದು ಅಕ್ಕಯ್ಯ… ಅವರ ಜೊತೆ ಕಳೆದ ಒಂದು ಮಧ್ಯಾಹ್ನ.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ನಾನು ಎಂಟನೇ ಕ್ಲಾಸು ಮುಗಿಸಿ ಮನೆಯಲ್ಲಿದ್ದೆ. ಬ್ರಹ್ಮಸಮುದ್ರದ ಕಡೆಯ ನಮ್ಮೂರಿಗೆ ಬಾಲವಾಡಿ ಮಂಜೂರಾಯಿತು. ಅಕ್ಷರ ಬಲ್ಲ ಹೆಣ್ಣುಮಗಳು ಊರಲ್ಲಿ ನಾನೊಬ್ಬಳೇ. ನನ್ನನ್ನೇ ಟೀಚರಮ್ಮ ಅಂತ ಮಾಡಿ, ಆರು ವಾರದ ಟ್ರೈನಿಂಗಿಗೆ ಹಿಂದೂಪುರಕ್ಕೆ ಕಳಿಸಿದರು. ಅಪ್ಪ ಒಂದೇ ಮಾತು ಹೇಳಿದ್ದರು: "ಒಂದು ವರ್ಷ ನೋಡೋಣ. ಆಗದಿದ್ರೆ ಗಂಡು ನೋಡ್ತೀನಿ."

ಹಿಂದೂಪುರದಲ್ಲಿ ಒಂದು ಹಳೇ ಛತ್ರದ ಹಿಂದಿನ ಹಜಾರ. ಅಲ್ಲಿ ನಮಗೆ ಕಲಿಸೋಕೆ ಬರುತ್ತಿದ್ದವರನ್ನು ಎಲ್ಲರೂ ಅಕ್ಕಯ್ಯ ಅಂತಲೇ ಕರೆಯುತ್ತಿದ್ದೆವು. ಲೇಪಾಕ್ಷಿ ಕಡೆಯವರು, ನಲವತ್ತರ ಹತ್ತಿರ ವಯಸ್ಸು. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅದಕ್ಕೆ ಮಗ್ಗದ ನೂಲು ಸುತ್ತಿಕೊಂಡಿದ್ದರು. ಹೆಗಲಲ್ಲಿ ಯಾವಾಗಲೂ ಒಂದು ಖಾದಿ ಚೀಲ. ಅದರೊಳಗೆ ಏನಿಲ್ಲ ಹೇಳಿ! ನೇಕಾರರ ಮನೆಯಿಂದ ಬೇಡಿ ತಂದ ಬಣ್ಣದ ನೂಲಿನ ತುಂಡು, ಹುಣಿಸೆ ಬೀಜ, ಕಡಲೆಕಾಯಿ ಸಿಪ್ಪೆ, ಉಜ್ಜಿ ನುಣ್ಣಗೆ ಮಾಡಿದ ಹೆಂಚಿನ ಚೂರು. "ಸರ್ಕಾರದ ಆಟದ ಸಾಮಾನು ಬರೋವರೆಗೆ ಮಕ್ಕಳು ಕಾಯೋದಿಲ್ಲ ಕಣ್ರಮ್ಮ, ಅಷ್ಟರಲ್ಲಿ ಅವಕ್ಕೇ ಮಕ್ಕಳಾಗಿರ್ತವೆ" ಅನ್ನುತ್ತಿದ್ದರು.

ಒಂದೇ ರಾಗಕ್ಕೆ ಕನ್ನಡದ ಮಾತೂ ತೆಲುಗಿನ ಮಾತೂ ಕೂರಿಸಿ ಹಾಡಿಸುತ್ತಿದ್ದರು. ಚೀಲದೊಳಗೆ ಕೈ ಬಿಟ್ಟು, ನೋಡದೇ ವಸ್ತು ಯಾವುದೆಂದು ಹೇಳೋ ಆಟ, ಸಿಪ್ಪೆಯನ್ನು ಊದಿ ಗೆರೆ ದಾಟಿಸೋ ಆಟ, ಎಲ್ಲವನ್ನೂ ನಮ್ಮ ಕೈಲೇ ಆಡಿಸುತ್ತಿದ್ದರು. ಮದುವೆಯಾದವರು, ಆಗದವರು ಎಲ್ಲಾ ನೆಲದ ಮೇಲೆ ಬಗ್ಗಿ ಸಿಪ್ಪೆ ಊದಿದ್ದೇ ಊದಿದ್ದು. ಆದರೆ ಒಂದು ವಿಷಯದಲ್ಲಿ ಮಾತ್ರ ಅವರದು ಕಟ್ಟುನಿಟ್ಟು. ಸಣ್ಣ ವಸ್ತು ಏನೇ ಕೊಟ್ಟರೂ ಎಣಿಸಿ ಕೊಡಬೇಕು, ಎಣಿಸಿ ವಾಪಸು ತಗೋಬೇಕು. ಒಂದು ಬೀಜ ಕಮ್ಮಿ ಬಂದರೂ ಆ ದಿನದ ಪಾಠ ನಿಂತುಹೋಗುತ್ತಿತ್ತು. ಅದು ಸಿಗೋವರೆಗೆ ಯಾರಿಗೂ ಊಟವಿಲ್ಲ.

ಹಳೇ ಸೀರೆಯಲ್ಲಿ ಬೊಂಬೆ ಹೊಲಿಯೋದು ಕಲಿಸಿದ ದಿನ ನಗು ತಡೆಯಲಾಗಲಿಲ್ಲ. ಬೊಂಬೆಗೆ ಕಣ್ಣು ಬಾಯಿ ಬರೆದರೆ ಸಾಲದು, ಕಿವಿಯೂ ಮೂಗೂ ಬೇರೆಯಾಗಿ ಹೊಲಿದು ಎಬ್ಬಿಸಬೇಕು ಅಂದರು. ನಮ್ಮ ಜೊತೆ ಕಲಿಯುತ್ತಿದ್ದ ನೇಕಾರರ ಹುಡುಗಿಯೊಬ್ಬಳು, "ಅಕ್ಕಯ್ಯಾ, ಮೂಗಿಟ್ಟ ಮೇಲೆ ಮೂಗುಬಟ್ಟೂ ಇಡ್ಬೇಕಲ್ವಾ?" ಅಂದಳು.

"ಇಡು ಕಣಮ್ಮ, ನಿನ್ನ ಮದುವೇಲಿ ಹಾಕ್ತಾರಲ್ಲ, ಅದನ್ನೇ ಬಿಚ್ಚಿ ಇಡು" ಅಂದು ತಾವೂ ನಕ್ಕು, ಆಮೇಲೆ ಮೆಲ್ಲಗೆ ಹೇಳಿದರು. ಮೂರು ವರ್ಷದ ಮಗು ತನಗೆ ಆದದ್ದನ್ನು ಬಾಯಿಬಿಟ್ಟು ಹೇಳಲಾರದು, ಬೊಂಬೆಗೆ ಮಾಡಿ ತೋರಿಸುತ್ತೆ. ಬೊಂಬೆಗೆ ಮೂಗಿಲ್ಲದಿದ್ದರೆ ಎಲ್ಲಿ ತೋರಿಸಬೇಕು ಅಂತ. ನಾವು ಹೊಲಿದೆವು. ಯಾಕೆ ಹೊಲಿದೆವೆಂದು ನನಗಂತೂ ಆವತ್ತು ಅರ್ಥವಾಗಿರಲಿಲ್ಲ.

ಊರಿಗೆ ಬಂದು ಭಜನೆ ಮನೆಯಲ್ಲಿ ಬಾಲವಾಡಿ ಶುರು ಮಾಡಿದೆ. ಮಕ್ಕಳನ್ನು ಕಳಿಸೋಕೆ ಜನ ಒಪ್ಪಬೇಕಲ್ಲ? ಮನೆಮನೆಗೆ ತಿರುಗಿ ಹನ್ನೆರಡು ಮಕ್ಕಳನ್ನು ಕೂಡಿಸೋ ಹೊತ್ತಿಗೆ ನನ್ನ ಚಪ್ಪಲಿ ಸವೆಯಿತು. ನಾಲ್ಕು ತಿಂಗಳಾದ ಮೇಲೆ ಅಕ್ಕಯ್ಯ ತನಿಖೆಗೆ ಬರ್ತಾರೆ ಅಂತ ಕಾಗದ ಬಂತು. ಅವರು ಭೇಟಿ ಪುಸ್ತಕದಲ್ಲಿ ಏನು ಬರೆಯುತ್ತಾರೋ ಅದರ ಮೇಲೆ ಬಾಲವಾಡಿ ಮುಂದುವರಿಯೋದು, ನನ್ನ ಕೆಲಸ ಉಳಿಯೋದು.

ಆ ದಿನಕ್ಕೆ ಏನಾದರೂ ಚಂದದ್ದು ಮಾಡಿಸಬೇಕು ಅಂತ ಆಸೆ ನನಗೆ. ಡಬ್ಬಿಯಲ್ಲಿದ್ದ ಹುಣಿಸೆ ಬೀಜಕ್ಕೆ ಹುಳ ಬಿದ್ದಿತ್ತು. ಹಿತ್ತಲಲ್ಲಿ ಅಮ್ಮ ಎಣ್ಣೆಗೆಂದು ಒಣಹಾಕಿದ್ದ ಚಿಟ್ಟ ಹರಳು ಕಣ್ಣಿಗೆ ಬಿತ್ತು. ಸಣ್ಣ ಬೀಜ, ಮೈಮೇಲೆ ಕಂದು ಬಿಳಿ ಚುಕ್ಕೆ, ಮಣಿಯ ಹಾಗೆ ಹೊಳಪು. ಹುಟ್ಟಿದಾಗಿಂದ ನೆತ್ತಿಗೆ ಹಾಕಿಸಿಕೊಂಡ ಎಣ್ಣೆಯ ಬೀಜ… ಅದಕ್ಕೆ ಹೆದರಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಒಂದು ಮಗುವಿಗೆ ಐದರಂತೆ ಅರವತ್ತು ಎಣಿಸಿ ಕೊಟ್ಟೆ. ಮಕ್ಕಳು ನೆಲದ ಮೇಲೆ ಹೂವು, ಸೂರ್ಯ, ಹಾವು ಅಂತ ಜೋಡಿಸುತ್ತಿದ್ದವು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಗಾಬರಿಯಲ್ಲಿ ಬೀಜವೆಲ್ಲ ಬಾಚಿ ಡಬ್ಬಿಗೆ ಹಾಕಿ, ಸೆರಗು ಸರಿಮಾಡಿಕೊಂಡು ಹೊರಗೆ ಓಡಿದೆ.

ಅಕ್ಕಯ್ಯ ಹಾಡು ಕೇಳಿದರು, ಮಕ್ಕಳ ಉಗುರು ನೋಡಿದರು, ಕೆನ್ನೆ ತಟ್ಟಿದರು. ಅವರ ಮುಖ ಅರಳಿದ್ದು ನೋಡಿ ನನಗೂ ಜೀವ ಬಂತು. ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ, ಸಾಮಾನು ನೋಡೋಣ ಅಂತ ಡಬ್ಬಿ ಮುಚ್ಚಳ ತೆಗೆದರು.

ಒಂದು ಬೀಜ ಎತ್ತಿ ಬೆಳಕಿಗೆ ಹಿಡಿದರು. "ಇವತ್ತು ಇದನ್ನ ಮಕ್ಕಳ ಕೈಗೆ ಕೊಟ್ಟಿದ್ಯಾ?"

"ಊಂ ಅಕ್ಕಯ್ಯಾ. ಅರವತ್ತು."

"ಎಣಿಸಿ ತಗೊಂಡ್ಯಾ?"

ನಾನು ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಇಬ್ಬರೂ ನೆಲಕ್ಕೆ ಕೂತು ಎಣಿಸಿದೆವು. ಐವತ್ತೇಳು. ಮತ್ತೆ ಎಣಿಸಿದೆವು. ಐವತ್ತೇಳೇ. ಚಾಪೆ ಕೊಡವಿದೆವು, ಭಜನೆಯ ತಬಲಾ ಕೂಡ ಪಕ್ಕಕ್ಕೆ ಸರಿಸಿ ನೋಡಿದೆವು. ಇಲ್ಲ.

"ಅಗಿದು ನುಂಗಿದ್ರೆ ವಿಷ ಕಣಮ್ಮ" ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಗೊತ್ತಾದರೆ ನಾಳೆಯಿಂದ ಒಂದು ಮಗುವೂ ಬರೋದಿಲ್ಲ. "ಅಕ್ಕಯ್ಯಾ, ಗುಂಡುಸೂಜಿ ಕಳೆದಿದೆ ಅಂತ ಹೇಳೋಣ. ಬೀಜ ಅನ್ನೋದು ಬೇಡ" ಅಂತ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಕೈ ಹಿಡಿದುಕೊಂಡೇ ಹೊರಗೆ ನಡೆದರು. "ಸೂಜಿ ಅಂದ್ರೆ ಅವರು ಸೂಜಿ ಹುಡುಕ್ತಾರೆ. ಮಗೂಗೆ ಏನಾಗಿದೆ ಅಂತ ಯಾರು ನೋಡ್ತಾರೆ?"

ಹನ್ನೆರಡು ಮನೆ. ಪ್ರತಿ ಬಾಗಿಲಲ್ಲೂ ಅವರದೇ ಮಾತು: ಹರಳು ಬೀಜ ಕೊಟ್ಟಿದ್ದು ತಪ್ಪಾಗಿದೆ, ಮೂರು ಕಮ್ಮಿ ಇವೆ, ಮಗುವಿನ ಬಾಯಿ ನೋಡಿ, ಬಟ್ಟೆ ನೋಡಿ. ಹೆಂಗಸರು ನನ್ನ ಮುಖ ನೋಡುತ್ತಿದ್ದ ನೋಟ… ಅದನ್ನು ಬರೆಯಲಾರೆ. ಏಳನೇ ಮನೆಯಲ್ಲಿ ನಮ್ಮೂರ ನೇಕಾರರ ಪುಟ್ಟ ಹುಡುಗಿಯೊಬ್ಬಳ ಲಂಗದ ತುದಿಯಲ್ಲಿ ಗಂಟು ಕಟ್ಟಿದ್ದ ಎರಡು ಬೀಜ ಸಿಕ್ಕವು. ಅಳಗುಳಿ ಮಣೆ ಆಡೋಕೆ ಅಂತ ಇಟ್ಟುಕೊಂಡಿದ್ದಳಂತೆ. ಇನ್ನೊಂದು ಉಳಿಯಿತು.

ಕೊನೆಯದು ಊರಾಚೆಯ ಕುರಿಯವರ ಮನೆ. ಅಲ್ಲಿನ ಮೂರು ವರ್ಷದ ಗಂಗಿ ಅಜ್ಜಿಯ ತೊಡೆಯ ಮೇಲೆ ಕೂತು ಮುಸುಮುಸು ಅಳುತ್ತಿದ್ದಳು. ಬಂದಾಗಿಂದ ಮುದ್ದೆ ಮುಟ್ಟಿಲ್ಲ ಅಂದಳು ಅಜ್ಜಿ. ಅಕ್ಕಯ್ಯ ವಿಷಯ ಹೇಳಿದ್ದೇ ತಡ, ಅಜ್ಜಿ ಎದ್ದು ನಿಂತುಬಿಟ್ಟಳು.

"ಹರಳಾ? ಕುರಿ ತಿಂದ್ರೇ ಬಿದ್ದೋಯ್ತವೆ, ಇದು ಕೂಸು ಕಣಮ್ಮ! ನಾನು ಕಳ್ಸಲ್ಲ ಅಂದೆ. ಈ ಟೀಚರಮ್ಮ ಬಂದು ಬಂದು ಕರ್ಕೊಂಡೋದ್ಲು. ನಿಮ್ಮ ಬಾಲವಾಡಿಗೆ ಬೆಂಕಿ ಬೀಳ!" ಅಂದವಳೇ ಮಗುವನ್ನು ಹಿಡಿದು ಕುಲುಕಿದಳು. "ತಿಂದ್ಯೇನೇ? ಹೇಳೇ! ಬೀಜ ತಿಂದ್ಯಾ?"

"ಊಂ" ಅಂದಳು ಗಂಗಿ.

"ತಿಂದಿಲ್ಲ ಅಲ್ವಾ ಗಂಗಿ?" ಅಂದೆ ನಾನು.

"ಊಂ" ಅಂದಳು ಅದಕ್ಕೂ.

ಅಕ್ಕಯ್ಯ ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ನೆಲಕ್ಕೆ ಕೂತು ಚೀಲದಿಂದ ತಮ್ಮ ಬೊಂಬೆ ತೆಗೆದರು. ಹಳೇ ಹಸಿರು ಸೀರೆಯ ಬೊಂಬೆ, ಮೊಂಡು ಮೂಗು. ಅಂಗಳದಿಂದ ಒಂದು ಸಣ್ಣ ಕಲ್ಲು ಆರಿಸಿ ಗಂಗಿಯ ಅಂಗೈಗಿಟ್ಟರು. ಯಾವ ಅವಸರವೂ ಇಲ್ಲದವರ ಹಾಗೆ, "ಈ ಪಾಪೂನೂ ಇವತ್ತು ಬಾಲವಾಡಿಗೆ ಬಂದಿತ್ತು. ಬೀಜ ಎಲ್ಲಿಟ್ಕೊಂಡ್ತು ಅಂತ ನಂಗೊತ್ತಿಲ್ಲಮ್ಮ. ನೀನೇ ಇಡು" ಅಂದರು. ಅವರ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ಒತ್ತಿಕೊಂಡು ಬೆಳ್ಳಗಾಗಿದ್ದು ನಾನು ನೋಡಿದೆ.

ಗಂಗಿ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬೊಂಬೆಯ ಬಾಯಿಯ ಹತ್ತಿರ ತಂದಳು. ಅಜ್ಜಿ ಕಿರುಚಲು ಬಾಯಿ ತೆರೆದಳು, ಅಕ್ಕಯ್ಯ ಕೈಯೆತ್ತಿ ತಡೆದರು. ಪುಟ್ಟ ಕೈ ಅಲ್ಲೇ ನಿಂತು, ಇನ್ನೊಂದಿಷ್ಟು ಮೇಲಕ್ಕೆ ಹೋಗಿ, ಕಲ್ಲನ್ನು ಬೊಂಬೆಯ ಮೂಗಿಗೆ ಒತ್ತಿತು. ಒತ್ತಿ ಒತ್ತಿ ತೋರಿಸಿತು.

ಅಕ್ಕಯ್ಯ ಮಗುವಿನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದರು. "ಇದೆ" ಅಂದರು.

ಅಜ್ಜಿ ಸೊಂಟದ ನಶ್ಯದ ಡಬ್ಬಿಗೆ ಕೈ ಹಾಕಿದಳು, ಒಂದು ಚಿಟಿಕೆ ಏರಿಸಿದರೆ ಸೀನಿ ಬೀಳುತ್ತೆ ಅಂತ. ಸೀನೋಕೆ ಮುಂಚೆ ಉಸಿರು ಒಳಕ್ಕೆ ಎಳೀತಾಳೆ, ಬೀಜವೂ ಒಳಕ್ಕೇ ಹೋಗುತ್ತೆ, ಬೇಡ ಅಂದರು ಅಕ್ಕಯ್ಯ. ಕಲ್ಯಾಣದುರ್ಗದ ಆಸ್ಪತ್ರೆಗೇ ಹೋಗಬೇಕು. ಎರಡು ಗಂಟೆಯ ಬಸ್ಸು ಬಂದದ್ದು ಮೂರಕ್ಕೆ. ಆ ಒಂದು ಗಂಟೆ ಬೇವಿನ ಮರದ ಕೆಳಗೆ ನಿಂತದ್ದು ನನ್ನ ಆಯಸ್ಸಿನಲ್ಲೇ ಉದ್ದದ್ದು.

ಮಗು ಮೂಗಲ್ಲಿ ಉಸಿರೆಳೆಯಬಾರದು, ಅಳಲೂಬಾರದು. ಅಕ್ಕಯ್ಯ ಬಸ್ಸಿನಲ್ಲಿ ಹೊಸ ಆಟ ಶುರು ಮಾಡಿದರು. ಬಿಸಿಲಲ್ಲಿ ಓಡಿ ಬಂದ ನಾಯಿ ಹೇಗೆ ಬಾಯಿ ತೆರೆದು ಏದುಸಿರು ಬಿಡುತ್ತೆ? ಹಾ, ಹಾ, ಹಾ. ಗಂಗಿ ಬಿಟ್ಟಳು, ನಾನು ಬಿಟ್ಟೆ. ನನ್ನ ಮುಖ ನೋಡದೆ ಅಜ್ಜಿಯೂ ನಾಲಿಗೆ ಚಾಚಿ ಬಿಟ್ಟಳು.

ಕಂಡಕ್ಟರು ಬಂದು ನಿಂತು, "ಏಮ್ಮಾ, ಅಂದರಿಕೀ ಪಿಚ್ಚಾ?" ಅಂದ.

"ಹುಚ್ಚು ನಿಮ್ಮಪ್ಪಂಗೆ ಕಣ್ಲಾ. ಬಾಯ್ಮುಚ್ಕೊಂಡು ಟಿಕೀಟು ಹರಿ" ಅಂದು ಅಜ್ಜಿ ಮತ್ತೆ ನಾಲಿಗೆ ಚಾಚಿದಳು. ದಾರಿಯುದ್ದಕ್ಕೂ ಹಾಗೇ ಹೋದೆವು. ಗುಂಡಿ ಬಂದಾಗಲೆಲ್ಲ ಅಕ್ಕಯ್ಯನ ಅಂಗೈ ಮಗುವಿನ ತಲೆಯ ಹಿಂದೆ ಇರುತ್ತಿತ್ತು.

ಡಾಕ್ಟರು ಬಾಗಿದ ಕಂಬಿಯೊಂದನ್ನು ಹಾಕಿ ಎಳೆದರು. ಬೀಜ ತಟ್ಟೆಗೆ ಟಣ್ ಅಂತ ಬಿತ್ತು. ಸಿಪ್ಪೆ ಒಡೆದಿರಲಿಲ್ಲ. ಆಗ ಅಳೋಕೆ ಶುರು ಮಾಡಿದಳು ಗಂಗಿ, ಊರಿಗೇ ಕೇಳಿಸೋ ಹಾಗೆ. ಗಂಗಿ ಬೊಂಬೆ ಬಿಡಲೊಲ್ಲಳು. ಅಕ್ಕಯ್ಯ ಕೇಳಲೂ ಇಲ್ಲ, ಅವಳಿಗೇ ಬಿಟ್ಟರು.

ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಕೂತು, ನಾನು ತಂದಿದ್ದ ಭೇಟಿ ಪುಸ್ತಕ ಈಸಿಕೊಂಡು ಬರೆದರು. ನಡೆದದ್ದೆಲ್ಲ ಬರೆದರು. ಕೊನೆಗೆ, ಯಾವ ಬೀಜ ಕೊಡಬಾರದೆಂದು ತರಬೇತಿಯಲ್ಲಿ ತಾವು ಹೇಳಿಕೊಟ್ಟಿರಲಿಲ್ಲ, ಆದ್ದರಿಂದ ತಪ್ಪು ತಮ್ಮದು, ಬಾಲವಾಡಿ ಮುಂದುವರಿಯಲಿ ಅಂತ ಬರೆದು ಸಹಿ ಹಾಕಿದರು. ಹಿಂದೂಪುರಕ್ಕೆ ಹೋಗೋ ಬಸ್ಸು ಹತ್ತುವಾಗ, "ನಾಳೆ ಬಾಗಿಲು ತೆಗಿ. ಒಬ್ಬರು ಬರದಿದ್ರೂ ತೆಗಿ" ಅಂದರು.

ಮರುದಿನ ತೆಗೆದೆ. ಯಾರೂ ಬರಲಿಲ್ಲ. ಹೊತ್ತು ಹೋಗದೆ ಹಿಂದೂಪುರದ ನೋಟುಪುಸ್ತಕ ತಿರುವಿ ಹಾಕುತ್ತಿದ್ದೆ. ಮೂರನೇ ವಾರದ ಪಾಠದ ಹಾಳೆಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಅಡಿಗೆರೆ ಸಮೇತ ಇತ್ತು: 'ಹರಳು, ಗುಲಗಂಜಿ, ದತ್ತೂರಿ ಬೀಜ ಮಕ್ಕಳಿಗೆ ಕೊಡಲೇಬಾರದು.'

ಅವರು ಹೇಳಿಕೊಟ್ಟಿದ್ದರು. ನಾನು ಬರೆದುಕೊಂಡಿದ್ದೆ, ಮರೆತಿದ್ದೆ. ಅವರೂ ಮರೆತಿದ್ದರೋ, ಗೊತ್ತಿದ್ದೇ ಹಾಗೆ ಬರೆದರೋ… ಹನ್ನೆರಡು ಬಾಗಿಲಲ್ಲಿ ನಿಜವನ್ನೇ ಹೇಳಿದವರು ನನಗೋಸ್ಕರ ಒಂದು ಸುಳ್ಳು ಬರೆದರೋ. ಕೇಳೋಣ ಅಂತ ಒಂದು ಕಾರ್ಡು ತಂದಿಟ್ಟುಕೊಂಡೆ. ವಿಳಾಸವನ್ನೂ ಬರೆದೆ. ಬರೆದು ಒಪ್ಪಿಕೊಂಡರೆ ಕೆಲಸ ಹೋಗುತ್ತಲ್ಲ? ಅಪ್ಪ ಆಗಲೇ ಗಂಡಿನ ಮಾತೆತ್ತಿದ್ದರು. ಕಾರ್ಡು ಪುಸ್ತಕದೊಳಗೇ ಉಳಿಯಿತು.

ನಾಲ್ಕನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಕುರಿಯವರ ಅಜ್ಜಿ ನಿಂತಿದ್ದಳು, ಕಂಕುಳಲ್ಲಿ ಗಂಗಿ, ಗಂಗಿಯ ಕಂಕುಳಲ್ಲಿ ಬೊಂಬೆ. "ಆಯಮ್ಮ ಮನೆಬಾಗ್ಲಿಗೆ ಬಂದು ತಪ್ಪಾಯ್ತು ಅಂದ್ಳಲ್ಲ, ಅವಳ ಮುಖ ನೋಡಿ ಬಿಟ್ಟೋಯ್ತಾ ಇದೀನಿ. ನಿನ್ನ ಮುಖ ನೋಡಿ ಅಲ್ಲ ಕಣಮ್ಮ" ಅಂದಳು. ಅವಳ ಹಿಂದೆ ಒಬ್ಬೊಬ್ಬರೇ ಬಂದರು. ಬಾಲವಾಡಿ ಉಳಿಯಿತು. ನಾನೂ ಉಳಿದೆ.

ಮುಂದಿನ ಟ್ರೈನಿಂಗಿಗೆ ಹಿಂದೂಪುರಕ್ಕೆ ಹೋದಾಗ ಬೇರೆ ಯಾರೋ ಪಾಠ ಹೇಳುತ್ತಿದ್ದರು. ಭೇಟಿ ಪುಸ್ತಕದಲ್ಲಿ ತಪ್ಪು ತಮ್ಮದೆಂದು ಬರೆದದ್ದು ಮೇಲಿನವರೆಗೂ ಹೋಗಿ, ಅಕ್ಕಯ್ಯನನ್ನು ಪಾಠ ಹೇಳೋದರಿಂದ ತೆಗೆದು ಯಾವುದೋ ಆಫೀಸಿನಲ್ಲಿ ಕಾಗದ ಜೋಡಿಸೋ ಕೆಲಸಕ್ಕೆ ಹಾಕಿದ್ದಾರೆ ಅಂತ ಗೊತ್ತಾಯಿತು. ಹೋಗಿ ನೋಡಬೇಕು ಅಂದುಕೊಂಡೆ. ಮುಂದಿನ ಸಲ ಅಂದುಕೊಂಡೆ. ಹೀಗೇ ಎಷ್ಟೋ ವರ್ಷ… ಕೊನೆಗೆ ಮನಸ್ಸು ಗಟ್ಟಿಮಾಡಿ ಅವರ ಮನೆ ಹುಡುಕಿಕೊಂಡು ಹೋದ ದಿನ, ಬಾಗಿಲು ತೆಗೆದ ಹೆಂಗಸು, ಅವರು ತೀರಿಹೋಗಿ ಎರಡು ವರ್ಷವಾಯಿತು ಅಂದಳು.

ಈಗ ನಾನು ಅಂಗನವಾಡಿ ಹುಡುಗಿಯರಿಗೆ ಕಲಿಸೋ ಕೆಲಸದಲ್ಲಿದ್ದೀನಿ. ಎಣಿಸಿ ಕೊಡಿ, ಎಣಿಸಿ ತಗೊಳ್ಳಿ ಅಂತೀನಿ. ಬೊಂಬೆಗೆ ಮೂಗು ಹೊಲಿಸ್ತೀನಿ, ಅವರು ನಗ್ತಾರೆ. ಗಂಗಿಯ ಕಥೆಯನ್ನೂ ಹೇಳ್ತೀನಿ. ಆದರೆ ಇಷ್ಟು ವರ್ಷವೂ ಬೀಜ ಕೊಟ್ಟವಳು ಯಾರೋ ಒಬ್ಬ ಟೀಚರು ಅಂತಲೇ ಹೇಳಿಕೊಂಡು ಬಂದಿದ್ದೀನಿ.

ಪಕ್ಕದ ಮನೆಯವರು ನಮಗೂ ಒಂದು ಬಟ್ಟಲು ಎಣ್ಣೆ ಕಳಿಸಿದ್ದಾರೆ. ಅಡಿಗೆಮನೆ ಗೂಡಿನಲ್ಲಿ ಇಟ್ಟಿದ್ದೀನಿ, ಇನ್ನೂ ಬೆಚ್ಚಗಿದೆ. ಪೆಟ್ಟಿಗೆಯಿಂದ ಆ ನೋಟುಪುಸ್ತಕವನ್ನೂ ತೆಗೆದಿಟ್ಟಿದ್ದೀನಿ, ಕಾರ್ಡು ಅದರೊಳಗೇ ಇದೆ. ಸೋಮವಾರ ಹೊಸ ಹುಡುಗಿಯರು ಬರ್ತಾರೆ. ಆ ಅಡಿಗೆರೆಯ ಸಾಲನ್ನು ಅವರ ಕೈಲೇ ಗಟ್ಟಿಯಾಗಿ ಓದಿಸಿ, ಇದು ನನ್ನ ಅಕ್ಷರ ಅಂತ ಹೇಳಬೇಕು. ಅವರು ಕೇಳಿಸಿಕೊಳ್ತಾರೆ. ಕೇಳಿಸಿಕೊಳ್ಳಬೇಕಾಗಿದ್ದವರು ಒಬ್ಬರು… ಅವರಿಲ್ಲ.