ಅಲ್ಲಲ್ಲಿ ಮಳೆ

ವಿಜಯಪುರದ ಕಚೇರಿಯಲ್ಲಿ ಕೂತು ರೈತರ ಮೊಬೈಲಿಗೆ ಹವಾಮಾನದ ಸಂದೇಶ ಬರೆದು ಕಳಿಸುವುದು ನನ್ನ ಕೆಲಸ. ಈಚೆಗೆ ಮಳೆಗೆ ಹೊತ್ತುಗೊತ್ತಿಲ್ಲ. ದ್ರಾಕ್ಷಿ ಒಣಗಿಸುವ ಬೇಸಿಗೆಯಲ್ಲೇ ಬಂದು ಹೊಡೆಯುತ್ತದೆ. ಇದೇನು ಮಹಾ ಕೆಲಸ ಅಂತ ಯಾರಾದರೂ ಅಂದರೆ ಸಿಟ್ಟು ಬರುತ್ತದೆ, ಮೊದಲು ಹಾಗಂದವನು ನಾನೇ ಆದ್ದರಿಂದ.

ಆ ಸಲ ಕಳಿಸಿದ್ದು ಇಷ್ಟು: ‘ನಾಳೆ ತಿಕೋಟಾ, ಬಬಲೇಶ್ವರ ತಾಲೂಕುಗಳಲ್ಲಿ ಅಲ್ಲಲ್ಲಿ ಮಳೆಯ ಸಾಧ್ಯತೆ.’

ಮಳೆಯಾದ ಮರುದಿನ ತಿಕೋಟಾ ತಾಲೂಕಿನ ಬಿಜ್ಜರಗಿಗೆ ಹೋದೆ. ಒಬ್ಬಾಕೆಯ ಶೆಡ್ಡಿನಲ್ಲಿ ಬಲೆಗಳ ಮೇಲೆ ಹರಡಿದ್ದ ದ್ರಾಕ್ಷಿಯೆಲ್ಲ ನೆನೆದು ಕಪ್ಪಾಗಿತ್ತು. ಮಳೆ ತಡೆಯಲು ಪಕ್ಕಕ್ಕೆ ಇಳಿಬಿಡಬೇಕಾದ ತಾಡಪತ್ರಿಗಳು ಮೇಲೆ ಸುತ್ತಿದಂತೆಯೇ ಇದ್ದವು.

‘ಮೆಸೇಜ್ ಬಂದಿರಲಿಲ್ಲೇನಕ್ಕಾ?’

‘ಬಂದಿತ್ರಿ ಸಾಹೇಬ್ರ. ಅಲ್ಲಲ್ಲಿ ಅಂತ ಬರದಿದ್ರಿ. ಎರಡ ಸಲ ಅಲ್ಲಿ ಅಂದ್ರಿ, ಒಂದ ಸಲರ ಇಲ್ಲಿ ಅಂದಿರೇನು?’

ಬಾಜೂ ಶೆಡ್ಡಿನ ಮುದುಕ ನಕ್ಕ. ‘ನಾನೂ ಬಬಲೇಶ್ವರದಾಗ ಬೀಳತೈತಿ ಅಂತ ತಿಳಕೊಂಡೆ ಬೇ. ಅಲ್ಲಿಯವ್ರು ತಿಕೋಟಾದಾಗ ಬೀಳತೈತಿ ಅಂತ ಆರಾಮ ಕುಂತಿರ್ತಾರ.’

ಆಕೆ ನಗಲಿಲ್ಲ. ತೋಟದ ಕೊನೆಯ ಕೊಯ್ಲು ಮಾತ್ರ ಇನ್ನು ಉಳಿದಿತ್ತು. ಅದಾದರೂ ಕಪ್ಪಾಗದೆ ಒಣಗಬೇಕಿತ್ತು.

‘ಅಲ್ಲಲ್ಲಿ’ ಅಂತ ಬರೆಸಿದ್ದು ಮೇಲಧಿಕಾರಿ ಎಂದು ನಾನು ಎಷ್ಟೋ ದಿನ ಹೇಳಿಕೊಂಡು ತಿರುಗಿದೆ. ನಂಬಿಯೂ ಇದ್ದೆ. ಡೈರಿ ತೆಗೆದು ನೋಡಿದರೆ ಬೇರೆಯೇ ಇದೆ. ‘ತಾಡಪತ್ರಿ ಇಳಿಸಿರಿ’ ಎಂದು ಬರೆದು, ನಾನೇ ಹೊಡೆದು ಹಾಕಿದ್ದೇನೆ. ಪಕ್ಕದಲ್ಲಿ ನನ್ನದೇ ಅಕ್ಷರ: ಮಳೆ ಬಾರದಿದ್ದರೆ ಬೈಗುಳ ನಮಗೆ. ಮೇಲಧಿಕಾರಿ ಆ ದಿನ ರಜೆಯಲ್ಲಿದ್ದರಂತೆ. ಇಷ್ಟು ಓದಿ ನಾನು ಕಲಿತದ್ದು, ಯಾರೂ ನನ್ನನ್ನು ಹಿಡಿಯಲಾಗದಂಥ ವಾಕ್ಯ ಬರೆಯುವುದನ್ನೇ?

ಕೊನೆಯ ಕೊಯ್ಲು ಬಲೆಯ ಮೇಲಿದ್ದಾಗ ಮತ್ತೆ ಅದೇ ಮುನ್ಸೂಚನೆ ಬಂತು. ನಾನು ಬರೆಯುವ ಮೊದಲೇ, ಮೋಡ ನೋಡಿ ಆಕೆಯ ಫೋನು.

‘ಅಲ್ಲಿ ಇಲ್ಲಿ ಬ್ಯಾಡ್ರಿ. ತಾಡಪತ್ರಿ ಇಳಸ್ಲೋ ಬ್ಯಾಡೋ, ಅಷ್ಟ ಹೇಳ್ರಿ.’

ಇಳಿಸಿದರೆ ಗಾಳಿಯಾಡುವುದಿಲ್ಲ, ಒಣಗುವುದು ನಿಲ್ಲುತ್ತದೆ. ಇಳಿಸದಿದ್ದರೆ ಏನಾಗುತ್ತದೆಂದು ಇಬ್ಬರೂ ನೋಡಿದ್ದೆವು. ‘ಇಳಸ್ರಿ’ ಅಂದೆ. ಎಲ್ಲರಿಗೂ ಅದನ್ನೇ ಕಳಿಸಿದೆ.

ಮರುದಿನ ಬಬಲೇಶ್ವರದಲ್ಲಿ ಧೋ ಎಂದು ಸುರಿಯಿತು. ಬಿಜ್ಜರಗಿಯಲ್ಲಿ ಒಂದು ಹನಿ ಇಲ್ಲ. ಸುಡುಗಾಡು ‘ಅಲ್ಲಲ್ಲಿ’ ಅಕ್ಷರಶಃ ನಿಜವಾಗಿತ್ತು! ತಿಕೋಟಾ ಕಡೆಯವರು ಫೋನು ಮಾಡಿ ಮನಸಾರೆ ಬೈದರು. ಆಕೆಯ ಬೈಗುಳಕ್ಕೆ ಕಾಯಲಾರದೆ ನಾನೇ ಫೋನು ಮಾಡಿ, ಒಂದು ದಿನದ ಗಾಳಿ ಹಾಳಾಯಿತಲ್ಲ ಅಂದೆ.

‘ಹೋಗ್ಲಿ ಬಿಡ್ರಿ, ದ್ರಾಕ್ಷಿ ಛಲೋ ಅದಾವ. ಇಳಸು ಅಂದ್ರಿ, ಇಳಸಿದೆ. ಮಳಿ ಇಲ್ಲಂದ್ರ ಏರಿಸೂದು ನನಗ ಗೊತ್ತೈತಿ.’