ಬಾಡಿಗೆ ಕುರ್ಚಿಗೊಂದು ರಜಾ ಅರ್ಜಿ

ಕೊರೋನಾದಲ್ಲಿ ನಮ್ಮ ಆಫೀಸು ಮುಚ್ಚಿದ ಮೇಲೆ ನಾನು ಮನೆಯಿಂದಲೇ ಸ್ವಂತವಾಗಿ ವಿಮೆ ಮಾರತೊಡಗಿದೆ. ದಿನವಿಡೀ ಫೋನಿನಲ್ಲಿ ಅರಚುವ ನನ್ನನ್ನು ಮೂರು ವರ್ಷ ಸಹಿಸಿದ ಹೆಂಡತಿ, "ಹೊರಗೆಲ್ಲಾದ್ರೂ ಜಾಗ ನೋಡ್ಕೊಳ್ಳಿ" ಅಂದಳು. ಹತ್ತಾರು ಜನ ಹಂಚಿಕೊಂಡು ಕೂರುವ ಆಫೀಸಿನಲ್ಲಿ ಒಂದು ಕುರ್ಚಿ ಬಾಡಿಗೆಗೆ ಹಿಡಿದೆ. ಅಲ್ಲಿ ನನಗೆ ನಾನೇ ಸಾಹೇಬ! ಆದರೆ ಇಪ್ಪತ್ತೆರಡು ವರ್ಷದ ನೌಕರಿಯ ಚಾಳಿ ಬಿಡಬೇಕಲ್ಲ. ಹತ್ತು ನಿಮಿಷ ತಡವಾದರೂ ಬಾಗಿಲಲ್ಲಿ ಕೂರುವ ಹುಡುಗಿಯ ಮುಂದೆ ತಲೆ ಕೆರೆದುಕೊಂಡು, "ಬಸ್ ಕೆಟ್ಟೋಯ್ತಮ್ಮ" ಅನ್ನುತ್ತಿದ್ದೆ. "ಬಾಡಿಗೆ ಕೊಡೋರು ನೀವು ಸಾರ್, ಯಾವಾಗಾದ್ರೂ ಬನ್ನಿ" ಅಂತ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಮೊನ್ನೆ, "ಶುಕ್ರವಾರ ಹಲ್ಲು ಕೀಳಿಸ್ಬೇಕು, ಅರ್ಧ ದಿನ ರಜೆ..." ಅಂತ ರಾಗ ಎಳೆದೆ.

ಅವಳು ತಲೆ ಎತ್ತದೆ, "ಆಗಲ್ಲ" ಅಂದಳು.

ಶುಕ್ರವಾರ ಊದಿದ ಕೆನ್ನೆ ಹಿಡಿದುಕೊಂಡೇ ಬಂದು ಕೂತೆ. ಅಷ್ಟು ನೆಮ್ಮದಿಯಾಗಿ ಕೆಲಸ ಮಾಡಿ ಎಷ್ಟೋ ವರ್ಷವಾಗಿತ್ತು.