ಓಡಿಪೋಯಿಂದಿ

ದೇಶದ ಸಾರ್ವಕಾಲಿಕ ಶ್ರೇಷ್ಠ ಕ್ರೀಡಾ ಸಾಧಕರು ಯಾರು ಎಂಬ ಮಾತು ಶುರುವಾದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತೇನೆ. ಮಧುಗಿರಿಯಲ್ಲಿ ನಮ್ಮ ಮನೆಯೆದುರಿನ ಟೀ ಅಂಗಡಿಯಲ್ಲಿ, ನಾನು ಪಾಠ ಮಾಡುವ ಶಿರಾದ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಎಲ್ಲ ಕಡೆಯೂ ಇದೇ. ಕೊರಟಗೆರೆಯ ಬಸ್ಸಿನಲ್ಲಿ ಒಮ್ಮೆ ಎದ್ದು ಹೋಗಲು ಜಾಗವಿಲ್ಲದೆ ದಾರಿಯುದ್ದಕ್ಕೂ ಕೇಳಿಸಿಕೊಂಡಿದ್ದೇನೆ. ಕುಸ್ತಿಪಟುವನ್ನು ಚೆಸ್ ಆಟಗಾರನ ಜೊತೆ ಯಾವ ಅಳತೆಯಲ್ಲಿ ಹೋಲಿಸುತ್ತೀರಿ? ಹನ್ನೊಂದು ಜನ ಸೇರಿ ಗೆದ್ದದ್ದನ್ನು ಒಬ್ಬನ ಹೆಸರಿಗೆ ಹೇಗೆ ಬರೆಯುತ್ತೀರಿ? ಇಷ್ಟು ಕೇಳಿದರೆ ಸಾಕು, "ನಿಮ್ಮಂಥ ಓದಿದೋರ ಹತ್ರ ಮಾತಾಡಕ್ಕಾಗಲ್ಲ ಬುಡಿ ಸಾರ್" ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತರ್ಕಶಾಸ್ತ್ರ ಓದಿದ್ದಕ್ಕೆ ಊರಿನಲ್ಲಿ ನನಗೆ ಸಿಕ್ಕ ಬಿರುದು ಇದೊಂದೇ.

ಆದರೆ ಇಷ್ಟೆಲ್ಲ ಅನುಮಾನದ ನಡುವೆ ನನಗೂ ಒಬ್ಬ ಓಟಗಾರ್ತಿ ಇದ್ದಳು. ಹೆಸರು ಬರೆಯುವುದಿಲ್ಲ, ಬರೆದರೆ ನೀವೂ ಜಗಳಕ್ಕೆ ನಿಲ್ಲುತ್ತೀರಿ. ಒಂಬತ್ತನೇ ವಯಸ್ಸಿನಲ್ಲಿ, ನಾಗಲಮಡಿಕೆಯ ಹತ್ತಿರ ಅಕ್ಕನನ್ನು ಕೊಟ್ಟ ಮನೆಗೆ ರಜೆಗೆಂದು ಹೋಗಿದ್ದಾಗ, ಆಕೆ ವಿದೇಶದಲ್ಲಿ ದೊಡ್ಡದೊಂದು ಓಟ ಗೆದ್ದದ್ದನ್ನು ನಾನು ಟೀವಿಯಲ್ಲಿ ಕಂಡಿದ್ದೆ. ಕಪ್ಪು ಬಿಳುಪಿನ ಟೀವಿ. ಸಿಗ್ನಲ್ ಸರಿಯಾಗಿ ಸಿಗದೆ ಪರದೆಯ ತುಂಬ ಹುಳ. ಭಾವ ಮಾಳಿಗೆಯ ಮೇಲೆ ಆಂಟೆನಾ ಕಟ್ಟಿದ್ದ ಬಿದಿರಿನ ಗಳವನ್ನು ಹಿಡಿದು ತಿರುಗಿಸುತ್ತಿದ್ದರು. ಒಳಗೆ ಅಕ್ಕನ ಮಾವ ಮಣೆಯ ಮೇಲೆ ಕೂತು ಊಟ ಮಾಡುತ್ತ ನೋಡುತ್ತಿದ್ದರು. ಹುಳಗಳ ನಡುವಿನಿಂದ ಒಂದು ತೆಳ್ಳನೆಯ ಬೂದು ಗೆರೆ ಎಲ್ಲರನ್ನೂ ಹಿಂದೆ ಹಾಕಿ ಮುಂದಕ್ಕೆ ಹೋದದ್ದು ನನಗೆ ಇವತ್ತಿಗೂ ಕಾಣುತ್ತದೆ. ನಾನು ಅಂಗಳಕ್ಕೆ ನೆಗೆದು, ಮಾಳಿಗೆಯ ಕಡೆ ಮುಖ ಮಾಡಿ, ಗೆದ್ದಳು ಎಂದು ಕೂಗಿದೆ. ಆಕೆ ಮುಂದೆ ಎಷ್ಟೋ ಓಟ ಗೆದ್ದದ್ದು ಎಲ್ಲರಿಗೂ ಗೊತ್ತು. ಹಾಗಾಗಿ ನಾನು ಕಂಡದ್ದು ಅವುಗಳಲ್ಲಿ ಯಾವುದು ಎಂದು ಹುಡುಕುವ ಗೋಜಿಗೇ ಹೋಗಿರಲಿಲ್ಲ. ಕಣ್ಣಾರೆ ಕಂಡದ್ದಕ್ಕೆ ಪುರಾವೆ ಯಾಕೆ?

ಕಳೆದ ಬೇಸಗೆಯಲ್ಲಿ ಭಾವ ಫೋನ್ ಮಾಡಿದರು. ತಿರುಮಣಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ಬಹಳ ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ದಿನಾ ಬೆಳಿಗ್ಗೆ ಆ ಮೈದಾನಕ್ಕೆ ಹೋಗಿ ಹುಡುಗಿಯರನ್ನು ಓಡಿಸುತ್ತಾರೆ. ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಐದು ಚೌಕ ಬಿಟ್ಟು ಸಾಧಕರ ಚಿತ್ರ ಬರೆಸುತ್ತಿದ್ದರಂತೆ. ನಾಲ್ಕು ಮುಗಿದಿದ್ದವು, ನಾಲ್ಕೂ ಗಂಡಸರು. ಉಳಿದ ಒಂದು ಚೌಕ ಕ್ರೀಡೆಗೆ. ಹೆಡ್‌ಮಾಸ್ಟರ್ ಕ್ರಿಕೆಟ್ ಆಟಗಾರನೇ ಆಗಬೇಕು ಎಂದು ಕೂತಿದ್ದರು.

"ನಾಳೆ ಮೀಟಿಂಗಿದೆ. ನೀನು ಬಂದು ನೀನು ಕಂಡಿದ್ದು ಹೇಳು, ಸಾಕು. ಹುಡುಗೀರು ಓಡ್ಬಂದು ಮುಟ್ಟೋದು ಅದೇ ಚೌಕಾನೇ. ಅಲ್ಲಿ ಒಂದು ಹೆಣ್ಣಿನ ಮುಖ ಇರ್ಲಿ ಅಂತ ನನ್ನಾಸೆ ಕಣಪ್ಪಾ" ಎಂದರು.

ಭಾವ ನನ್ನಲ್ಲಿ ಏನನ್ನೂ ಕೇಳಿದವರಲ್ಲ. ಹೋದೆ.

ಮೀಟಿಂಗ್ ನಡೆದದ್ದು ಹತ್ತನೇ ತರಗತಿಯ ಕೋಣೆಯಲ್ಲಿ, ಮೂರು ಗಂಟೆಯ ಬಿಸಿಲಿನಲ್ಲಿ. ಕಾಂಪೌಂಡಿನಾಚೆಯ ಸೋಲಾರ್ ಫಲಕಗಳ ಝಳಪು ಕಿಟಕಿಯಿಂದ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಹಳೇ ವಿದ್ಯಾರ್ಥಿಗಳು ಹತ್ತು ಹನ್ನೆರಡು ಜನ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿಕೊಂಡು ಕೂತಿದ್ದರು. ಒಬ್ಬರು ಚೆಸ್ ಎಂದರು.

"ಕೂತ್ಕಂಡು ಆಡೋದು ಒಂದು ಆಟನೇನ್ರೀ? ಅಂಗಾರೆ ನಮ್ಮೂರ ಕಟ್ಟೆ ಮೇಲೆ ಇಸ್ಪೀಟಾಡೋರ್ದೂ ಬರ್ಸಿ!"

"ಹಾಕಿ?"

"ಹಾಕಿ ಕೋಲು ಇಲ್ಲಿ ಯಾರು ನೋಡವ್ರೆ? ದೊಣ್ಣೆ ಅಂತಾರೆ."

ಶಿರಾ ಕಡೆಯವರಾದ ಹೆಡ್‌ಮಾಸ್ಟರ್ ಮೇಜು ಕುಟ್ಟಿದರು. "ಬೇಗ ಫೈಸಲ್ ಮಾಡ್ರಿ. ಕ್ರಿಕೆಟ್ ಆದ್ರೆ ಯಾವ ಮಗೂನೂ ಇವರ್ಯಾರು ಅಂತ ಕೇಳಲ್ಲ."

"ಯಾರೂ ಕೇಳದಿದ್ದರೆ ಶಾಲೆಯ ಗೋಡೆ ಯಾತಕ್ಕೆ ಸಾರ್?" ಎಂದೆ. ಶ್ರೇಷ್ಠ ಎಂದರೆ ಏನೆಂದು ಮೊದಲು ತೀರ್ಮಾನವಾಗಲಿ ಎಂದೆ. ಯಾರೋ ಆಕಳಿಸಿದರು. ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಭಾವ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತರ್ಕವನ್ನೆಲ್ಲ ಬದಿಗಿಟ್ಟು ನಾನು ಕಂಡದ್ದನ್ನು ಹೇಳಿದೆ. ಹುಳ, ಬಿದಿರಿನ ಗಳ, ಬೂದು ಗೆರೆ. ಇಸ್ಪೀಟಿನ ಮಾತಾಡಿದವರು, "ಕಣ್ಣಾರೆ ಕಂಡೋರು ಹೇಳಿದ್ಮೇಲೆ ಇನ್ನೇನೈತೆ" ಎಂದರು. ಹೆಡ್‌ಮಾಸ್ಟರ್ ಸೋತ ಮುಖದಲ್ಲಿ, ಚಿತ್ರದ ಕೆಳಗೆ ಹಾಕಲು ಆ ಗೆಲುವಿನ ಬಗ್ಗೆ ಒಂದು ಸಾಲು ನೀವೇ ಬರೆದುಕೊಡಿ ಎಂದರು. 'ಎಲ್ಲರನ್ನೂ ಹಿಂದೆ ಹಾಕಿ ಓಡಿದ ಸಾರ್ವಕಾಲಿಕ ಶ್ರೇಷ್ಠ ಸಾಧಕಿ' ಎಂದು ಬರೆದುಕೊಟ್ಟೆ. 'ಸಾರ್ವಕಾಲಿಕ ಶ್ರೇಷ್ಠ' ಎಂಬ ಮಾತನ್ನು ನನ್ನ ಕೈಯಾರೆ ಬರೆದದ್ದು ಅದೇ ಮೊದಲು.

ಸಂಜೆ ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತ ಇದನ್ನೆಲ್ಲ ಹೇಳಿದೆ. ಅಕ್ಕ ಲೋಟ ಕೆಳಗಿಟ್ಟಳು.

"ನೀನ್ಯಾವಾಗ್ಲಾ ಅವ್ಳು ಗೆದ್ದಿದ್ ನೋಡ್ದೆ? ಅವತ್ತು ಸೋತೋದ್ಲಲ್ಲೋ!"

"ನಾನು ನೋಡಿದೆನಲ್ಲಕ್ಕ."

"ಹುಳ ನೋಡ್ದೆ. ನಮ್ ಮಾವ 'ಓಡಿಪೋಯಿಂದಿ' ಅಂತ ಅಂದು, ಟೀವಿ ಆರ್ಸಿ, ಮುದ್ದೆ ಅರ್ಧಕ್ಕೇ ಬುಟ್ಟು ಎದ್ದೋದ್ರು. ನೀನು ಹೊರೀಕ್ ನೆಗ್ದು 'ಓಡೋದ್ಲು, ಓಡೋದ್ಲು' ಅಂತ ಕುಣೀತಿದ್ದೆ."

ಭಾವನ ಮನೆಯ ಹಿರಿಯರದೆಲ್ಲ ತೆಲುಗು. ತೆಲುಗಿನಲ್ಲಿ 'ಓಡಿಪೋಯಿಂದಿ' ಎಂದರೆ ಸೋತುಹೋದಳು. ಮಧುಗಿರಿಯಿಂದ ಹೋದ ಒಂಬತ್ತು ವರ್ಷದ ಹುಡುಗನಿಗೆ ಅದರಲ್ಲಿ ಕೇಳಿಸಿದ್ದು ಓಡುವುದು ಒಂದೇ. ಓಡಿಹೋದಳು, ಅಂದರೆ ಎಲ್ಲರಿಗಿಂತ ಮುಂದೆ. ಆಮೇಲೆ ನಾನೂ ತೆಲುಗು ಕಲಿತೆ, ಆದರೆ ಅಷ್ಟರಲ್ಲಿ ಆ ಪದವೇ ನನ್ನ ನೆನಪಿನಿಂದ ಹೋಗಿ ಬೂದು ಗೆರೆಯಷ್ಟೇ ಉಳಿದಿತ್ತು. ಆ ಗೆರೆ ಟೀವಿಯಲ್ಲಿ ಇತ್ತೋ, ಪದ ಕೇಳಿದ ಮೇಲೆ ನಾನೇ ಎಳೆದುಕೊಂಡೆನೋ, ಈಗ ಹೇಳಲಾರೆ. ಬಿದಿರಿನ ಗಳವೂ ಅಲ್ಲವಂತೆ, ಕಬ್ಬಿಣದ ಪೈಪಂತೆ.

"ಭಾವ, ನಿಮಗೆ ಗೊತ್ತಿತ್ತಾ?"

"ಮಾಳಿಗೆ ಇಳಿದ್ ತಕ್ಷಣ ನಮ್ಮಪ್ಪ ಹೇಳಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಿನ್ ಕುಣಿತ ನೋಡಿ ಮನಸ್ಸು ಬರ್ಲಿಲ್ಲ. ಆಮೇಲೆ ನೀನು ಯೂನಿವರ್ಸಿಟಿಗೋದೆ. ಎಲ್ಲಾದ್ಕೂ ಅನುಮಾನ ಪಡಕ್ಕೆ ಶುರು ಮಾಡ್ದೆ. ಇದೊಂದಾದ್ರೂ ನಂಬ್ಕಂಡಿರ್ಲಿ ಅಂತ ಬುಟ್ಟೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಹಾಗಾದರೆ ಸುಳ್ಳು ಎಂದು ಗೊತ್ತಿದ್ದೂ ಸಾಕ್ಷಿ ಹೇಳಿಸಿದಿರಿ. ನಾಳೆ ಹೋಗಿ ಹೆಡ್‌ಮಾಸ್ಟರಿಗೆ ಹೇಳುತ್ತೇನೆ" ಎಂದೆ.

"ಪೇಂಟರ್ ಸಂಜೇನೇ ಶುರು ಮಾಡವ್ನೆ. ಹೇಳಿದ್ರೆ ಚಿತ್ರ ಅಳಿಸ್ತಾರೆ."

"ಅಳಿಸಲಿ."

"ಬೇರೆ ಕಡೆ ಗೆದ್ದಿಲ್ವೇನೋ ಅವ್ಳು?"

"ಗೆದ್ದಿದ್ದಾಳೆ. ಆದರೆ ಅಲ್ಲಿ ನಾನು ಹೇಳಿದ್ದು ಅದನ್ನಲ್ಲ!"

ಭಾವ ಎದ್ದು ಹೋಗಿ ಬೆಳಗಿನ ಓಟಕ್ಕೆ ಬೇಕಾದ ಸುಣ್ಣದ ಪುಡಿಯನ್ನು ಚೀಲಕ್ಕೆ ತುಂಬತೊಡಗಿದರು. "ಅವ್ರ ಮುಖ ನೋಡ್ಲಾ" ಎಂದು ಅಕ್ಕ ಪಿಸುಗುಟ್ಟಿದಳು. ನಾನು ನೋಡಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೋದರೆ, ಪೇಂಟರ್ ಆಗಲೇ ಮುಖ ಮುಗಿಸಿ ಕೂದಲಿಗೆ ಕಪ್ಪು ಬಳಿಯುತ್ತಿದ್ದ. ಹೆಡ್‌ಮಾಸ್ಟರಿಗೆ ಎಲ್ಲವನ್ನೂ ಹೇಳಿದೆ. ಅವರ ಮುಖ ಅರಳಿತು.

"ನೋಡಿದ್ರಾ! ಸೋತ ಓಟ ಅಂದ್ಮೇಲೆ ಶ್ರೇಷ್ಠ ಅಂತ ಹೆಂಗ್ರೀ ಬರ್ಸೋದು? ಅಳ್ಸಪ್ಪಾ ಅದನ್ನ."

"ಅಳ್ಸೋದೂಂದ್ರೆ ಎರಡು ಕೋಟ್ ಬಿಳಿ ಹೊಡೀಬೇಕು, ಒಣಗ್ಬೇಕು" ಎಂದ ಪೇಂಟರ್, ತಿರುಗಿ ಕೂಡ ನೋಡದೆ. "ನಾಳೆಯಿಂದ ಕೊರಟಗೆರೇಲಿ ಒಂದು ಮದ್ವೆ ಛತ್ರದ ಕೆಲ್ಸ ಒಪ್ಕಂಡಿದೀನಿ. ಬರೋದು ಇನ್ನೊಂದ್ ತಿಂಗ್ಳಾಗುತ್ತೆ ಸಾರ್."

"ಒಂದ್ ತಿಂಗ್ಳಾ? ಹನ್ನೆರಡನೇ ತಾರೀಖು ಗೋಡೆ ಉದ್ಘಾಟನೆಗೆ ಸಾಹೇಬ್ರು ಬರ್ತಾರೆ ಕಣಯ್ಯಾ!"

ಅಲ್ಲಿಗೆ ಮುಗಿಯಿತು. ದೇಶದ ಶ್ರೇಷ್ಠರು ಯಾರು ಎಂಬುದು ಕೊನೆಗೆ ತೀರ್ಮಾನವಾದದ್ದು ಕೊರಟಗೆರೆಯ ಮದುವೆ ಛತ್ರದಿಂದ. ಮುಖ ಉಳಿಯಿತು. ನಾನು ಬರೆದುಕೊಟ್ಟ ಸಾಲು ಇನ್ನೂ ಗೋಡೆಗೆ ಏರಿರಲಿಲ್ಲ, ಅದನ್ನು ಮಾತ್ರ ಬಿಡಿಸಿದೆ. ಬದಲಿಗೆ ಏನು ಬರೆಯಲಿ ಎಂದು ಪೇಂಟರ್ ಕುಂಚ ಹಿಡಿದು ಕಾದ. 'ಓಟಗಾರ್ತಿ' ಎಂದೆ. ಅಷ್ಟನ್ನೇ ಬರೆದ. 'ಶ್ರೇಷ್ಠ' ಹೋದದ್ದಕ್ಕೆ ಭಾವ ಎರಡು ವಾರ ನನ್ನ ಫೋನ್ ಎತ್ತಲಿಲ್ಲ.

ಮೂರನೇ ವಾರ ನಾನೇ ಮೈದಾನಕ್ಕೆ ಹೋದೆ. ಬಿಸಿಲೇರಿರಲಿಲ್ಲ. ಅಕ್ಕಪಕ್ಕದ ಹಳ್ಳಿಯ ಹುಡುಗಿಯರು ಚಪ್ಪಲಿಗಳನ್ನು ಆ ಚೌಕದ ಕೆಳಗೆ ಬಿಟ್ಟು ಮೈದಾನದ ಆ ತುದಿಯಲ್ಲಿ ಸಾಲಾಗಿ ನಿಂತಿದ್ದರು. ಭಾವ ನನ್ನನ್ನು ಕಂಡು, ಗೋಡೆಯ ಹತ್ತಿರ ನಿಂತುಕೋ ಎಂದು ಕೈಸನ್ನೆ ಮಾಡಿದರು. ಅವರ ಸೀಟಿ ಕೇಳಿಸಿತು. ಧೂಳೆಬ್ಬಿಸಿಕೊಂಡು ಬಂದ ಇಬ್ಬರು ಒಟ್ಟಿಗೇ ಎಂಬಂತೆ ಗೋಡೆಗೆ ಕೈ ಬಡಿದರು, ಒಬ್ಬಳ ಕೈ ಚಿತ್ರದ ಭುಜದ ಮೇಲೆ, ಇನ್ನೊಬ್ಬಳದು 'ಓಟಗಾರ್ತಿ' ಎಂಬ ಅಕ್ಷರಗಳ ಮೇಲೆ.

"ನಾನೇ ಫಸ್ಟು!"

"ಏ ಹೋಗೇ, ನಾನು! ಕೇಳು ಸಾರ್‌ನ."

ಆ ತುದಿಯಿಂದ ಭಾವ ಕೂಗಿದರು. "ಯಾರ್ಲಾ ಗೆದ್ದಿದ್ದು?"

ಇಬ್ಬರೂ ಏದುಸಿರು ಬಿಡುತ್ತ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ರೆಪ್ಪೆ ಮುಚ್ಚದೆ ನೋಡಿದ್ದೆ, ಕೇವಲ ನಾಲ್ಕು ಹೆಜ್ಜೆ ದೂರದಿಂದ.

"ಗೊತ್ತಾಗಲಿಲ್ಲ ಭಾವ. ಇನ್ನೊಂದ್ಸಲ ಓಡಿಸಿ" ಎಂದು ಕೂಗಿದೆ.

"ಅಯ್ಯೋ, ಇವರ್ಯಾಕಾದ್ರೂ ಬಂದ್ರೋ" ಎಂದು ಗೊಣಗುತ್ತ ಇಬ್ಬರೂ ಮತ್ತೆ ಆ ತುದಿಗೆ ನಡೆದರು.